ಗುರುಗುಂಟಾದ ಹಾರ್ನಿನಲ್ಲಿ ಕೇಳಿದ ದನಿ

ಯಾರಾದರೂ ಪವಾಡದ ಮಾತು ತೆಗೆದರೆ ಚಹಾದ ನೆಪ ಹೇಳಿ ಎದ್ದು ಹೋಗುವ ಪೈಕಿ ನಾನು. ಅದರಲ್ಲೂ ದನಿಯ ವಿಷಯದಲ್ಲಿ ನನಗೆ ತಿಳಿಯದ್ದೇನಿದೆ ಎಂಬ ಸೊಕ್ಕು ಬೇರೆ. ಲಿಂಗಸುಗೂರಿನಲ್ಲಿ ನನ್ನದೊಂದು ಸಣ್ಣ ರೆಕಾರ್ಡಿಂಗ್ ಸ್ಟುಡಿಯೊ ಇದೆ. ಮಸ್ಕಿ, ಸಿಂಧನೂರು ಕಡೆಯ ಭಜನಾ ಮಂಡಳಿಯವರು, ಜನಪದ ಹಾಡುಗಾರರು ಬಂದು ಹಾಡಿ ಹೋಗುತ್ತಾರೆ. ನನ್ನ ಪಾಲಿಗೆ ದನಿ ಎಂದರೆ ಕಂಪ್ಯೂಟರ್ ಪರದೆಯ ಮೇಲಿನ ಗೆರೆ. ಗೆರೆ ಇದ್ದರೆ ಕೇಳಿಸುತ್ತದೆ, ಇಲ್ಲದಿದ್ದರೆ ಇಲ್ಲ. ಮೂರು ವರ್ಷದ ಹಿಂದಿನ ಒಂದು ಶ್ರಾವಣ ಸೋಮವಾರದವರೆಗೆ ಇದನ್ನು ಬಿಟ್ಟು ಬೇರೆ ವಿಚಾರ ನನ್ನ ತಲೆಗೆ ಬಂದದ್ದಿಲ್ಲ. ನೀವು ನಂಬಲೇಬೇಕೆಂಬ ಹಟ ನನಗಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ಗುರುಗುಂಟಾದಲ್ಲಿ ಅಮರಪ್ಪ ಕಾಕಾ ಎಂಬುವರಿದ್ದಾರೆ. ಹಟ್ಟಿಯ ಗಣಿಯಲ್ಲಿ ದುಡಿದು ನಿವೃತ್ತರಾದವರು. ಶ್ರಾವಣದ ಪ್ರತಿ ಸೋಮವಾರ ಮುಂಜಾನೆ ಊರಿನ ಮಠದ ಕಟ್ಟೆಯಲ್ಲಿ ಭಜನೆ ನಡೆಯುತ್ತದೆ. ಅದರಲ್ಲಿ ಮೊದಲ ಪದ ಹಾಡುತ್ತಿದ್ದವರು ಅವರೇ. ಗಂಟಲಲ್ಲಿ ಗಡ್ಡೆಯಾಗಿ, ದನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದು ಡಾಕ್ಟರರು ಹೇಳಿದಾಗ, ಆಪರೇಷನ್ನಿಗೆ ನಾಲ್ಕು ದಿನ ಮುಂಚೆ ಮಗಳು ಮಲ್ಲಮ್ಮನ ಜೊತೆ ನನ್ನ ಸ್ಟುಡಿಯೊಗೆ ಬಂದು ಒಂದು ತತ್ವಪದ ಹಾಡಿಹೋದರು. ಆಪರೇಷನ್ ಆದ ಮೇಲೆ ಅವರ ಮಾತೆಲ್ಲ ಒಂದು ಸಣ್ಣ ನೋಟ್‌ಬುಕ್ಕಿನಲ್ಲಿ. ಶ್ರಾವಣದ ಕೊನೆಯ ಸೋಮವಾರ ತಮ್ಮ ಪದ ಮಠದ ಮೇಲಿನ ಹಾರ್ನ್ ಸ್ಪೀಕರಿನಲ್ಲಿ ಕೇಳಬೇಕು, ಊರು ಒಂದು ಸಲ ಕೇಳಿಬಿಡಲಿ ಎಂದು ಅದರಲ್ಲಿ ಬರೆದು ತೋರಿಸಿದ್ದರು. ಅವರು ಕೇಳಿದ್ದು ಅದೊಂದನ್ನೇ. ನಾನು ಎದೆ ತಟ್ಟಿ ಒಪ್ಪಿಕೊಂಡೆ.

ರೆಕಾರ್ಡಿಂಗಿನಲ್ಲಿ ಅವರ ದನಿ ಬಹಳ ಸೊರಗಿತ್ತು. ಆಗಷ್ಟೇ ನಾನು ದನಿಯನ್ನು ಅಗಲ ಮಾಡುವ ಸ್ಟೀರಿಯೊ ಪ್ಲಗಿನ್ ಎಂಬ ಒಂದು ಸಣ್ಣ ಸಾಫ್ಟ್‌ವೇರನ್ನು ಕಂಪ್ಯೂಟರಿಗೆ ಹಾಕಿಕೊಂಡಿದ್ದೆ. ಹೊಸ ಚಾಕು ಸಿಕ್ಕವನಿಗೆ ಕಂಡದ್ದನ್ನೆಲ್ಲ ಕೊಯ್ಯುವ ಆಸೆ. ವಾದ್ಯಗಳನ್ನು ಬಿಟ್ಟು ಕಾಕಾರ ದನಿಗಷ್ಟೇ ಅದನ್ನು ಹಾಕಿದೆ. ಈ ಪ್ಲಗಿನ್ ಒಂದೇ ಮೈಕಿನ ದನಿಯನ್ನು ಎರಡು ಮಾಡಿ ಎಡಗಿವಿಗೊಂದು, ಬಲಗಿವಿಗೊಂದು ಕೊಡುತ್ತದೆ. ಕೊಡುವಾಗ ಒಂದರ ಗೆರೆಯನ್ನು ತಲೆಕೆಳಗು ಮಾಡಿರುತ್ತದೆ. ಹೆಡ್‌ಫೋನಿನಲ್ಲಿ ಕೇಳಿದರೆ ಹಾಡುವವರು ನಿಮ್ಮ ಸುತ್ತಲೂ ಇದ್ದ ಹಾಗೆ. ಆದರೆ ಎರಡನ್ನೂ ಕೂಡಿಸಿ ಒಂದೇ ಸ್ಪೀಕರಿಗೆ ಬಿಟ್ಟರೆ ನೇರದ್ದೂ ತಲೆಕೆಳಗಾದದ್ದೂ ಒಂದನ್ನೊಂದು ನುಂಗಿ ದನಿಯೇ ಇಲ್ಲವಾಗುತ್ತದೆ. ಅದಕ್ಕೇ ಕೊನೆಯಲ್ಲಿ ಮೊನೊ ಮಾಡಿ, ಅಂದರೆ ಎರಡನ್ನೂ ಕೂಡಿಸಿ, ಒಮ್ಮೆ ಕೇಳಲೇಬೇಕು. ಈ ಕೆಲಸ ಕಲಿತ ಮೊದಲ ವಾರದಲ್ಲೇ ತಿಳಿದ ಮಾತು ಅದು. ನಾನು ಕೇಳಲಿಲ್ಲ. ಹೆಡ್‌ಫೋನಿನಲ್ಲಿ ಅಷ್ಟು ಚಂದ ಬಂದಿತ್ತು, ನನ್ನ ಕಣ್ಣೇ ತುಂಬಿತ್ತು. ಮಠದಲ್ಲಿ ಮೈಕ್ ಸೆಟ್ ಹಾಕುವ ಖಾಜಾಸಾಬನ ಫೋನಿಗೆ ಫೈಲು ಕಳಿಸಿ ನಿಶ್ಚಿಂತನಾದೆ.

ಸೋಮವಾರ ಮುಂಜಾನೆ ಚಹಾ ಕುಡಿಯುತ್ತ ಅದೇ ಫೈಲನ್ನು ಸ್ಟುಡಿಯೊದಲ್ಲಿದ್ದ ಒಂಟಿ ಬ್ಲೂಟೂತ್ ಸ್ಪೀಕರಿನಲ್ಲಿ ಹಚ್ಚಿದೆ. ಹಾರ್ಮೋನಿಯಂ ಬಂತು, ತಬಲಾ ಬಂತು. ಕಾಕಾ ಬರಲಿಲ್ಲ. ಖಾಜಾಸಾಬನ ರೂಢಿ ನನಗೆ ಗೊತ್ತು. ಫೋನಿನಿಂದ ಬರುವ ಎಡ ಬಲದ ಎರಡೂ ವಾಯರುಗಳನ್ನು ಹೊಸೆದು ಒಂದು ಮಾಡಿ ಆಂಪ್ಲಿಫೈಯರಿಗೆ ಕೊಡುತ್ತಾನೆ. ಅಂದರೆ ಇಡೀ ಊರಿನ ಮುಂದೆ, ದನಿ ಕಳೆದುಕೊಂಡ ಮನುಷ್ಯನ ದನಿ ಎರಡನೇ ಸಲ ಹೋಗಲಿತ್ತು. ಈ ಸಲ ಅದನ್ನು ಕಿತ್ತವನು ನಾನು.

ಎಡಗಡೆಯ ದನಿಯೊಂದನ್ನೇ ಇಟ್ಟು ಹೊಸ ಫೈಲು ಮಾಡಿ ಕಳಿಸಿದೆ. ತಲುಪಲಿಲ್ಲ. ಹಾಡಿನ ನಡುವೆ ಕರೆ ಬಂದು ಹಾರ್ನಿನಲ್ಲಿ ರಿಂಗಾಗಬಾರದೆಂದು ಖಾಜಾಸಾಬ ಫೋನನ್ನು ಫ್ಲೈಟ್ ಮೋಡಿಗೆ ಹಾಕಿಬಿಡುತ್ತಾನೆ. ಮಲ್ಲಮ್ಮ ಫೋನ್ ಎತ್ತಲಿಲ್ಲ. ಬೈಕ್ ಹತ್ತಿದೆ. ದಾರಿಯುದ್ದಕ್ಕೂ ನನ್ನ ಕಣ್ಣ ಮುಂದೆ ಇದ್ದದ್ದು ಒಂದೇ: ಕುತ್ತಿಗೆಗೆ ಬಿಳಿ ಬಟ್ಟೆ ಸುತ್ತಿಕೊಂಡು ಕೂತ ಕಾಕಾ, ಬರೀ ಹಾರ್ಮೋನಿಯಂ, ಒಬ್ಬರ ಮುಖ ಒಬ್ಬರು ನೋಡುವ ಜನ. ಇಷ್ಟು ಹೆದರಿ ನಾನು ಎಂದೂ ಗಾಡಿ ಓಡಿಸಿಲ್ಲ.

ಊರಿನ ಅಗಸಿ ಬಾಗಿಲು ಇನ್ನೂ ದೂರವಿರುವಾಗಲೇ ಹಾರ್ನು ಕೇಳಿಸಿತು. ಗಾಡಿ ನಿಲ್ಲಿಸಿ ಬಂದ್ ಮಾಡಿದೆ. ಕಾಕಾ ಹಾಡುತ್ತಿದ್ದರು. ತುಂಬು ದನಿ, ಒಂದು ಅಕ್ಷರವೂ ಮಸುಕಿಲ್ಲ. ಮಠದ ಮುಂದೆ ಹೋಗಿ ನೋಡಿದರೆ ಕಟ್ಟೆಯ ಕಂಬಕ್ಕೆ ಒರಗಿ, ಕಣ್ಣು ಮುಚ್ಚಿ, ತೊಡೆಯ ಮೇಲೆ ಕೈಯಿಂದ ತಾಳ ಹಾಕುತ್ತ ಕೂತಿದ್ದರು. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಪದ ಮುಗಿದ ಮೇಲೆ ಮಲ್ಲಮ್ಮ ನನ್ನ ಕೈ ಹಿಡಿದು, "ಅಣ್ಣಾರ, ನಮ್ಮಪ್ಪನ್ನ ಒಂದ್ ಗಳಿಗಿ ತಿರುಗಿ ಕೊಟ್ರಿ ನೋಡ್ರಿ," ಎಂದಳು. ನಾನು ಹಲ್ಲು ಕಿರಿದೆ. ವಾಯರೊಂದು ಬಿಚ್ಚಿಕೊಂಡು ಒಂದೇ ಕಡೆಯ ದನಿ ಹಾರ್ನಿಗೆ ಹೋಗಿರಬೇಕು, ದೇವರು ದೊಡ್ಡವನು ಎಂದುಕೊಂಡೆ. ಪವಾಡ ನಂಬದವನ ಬಾಯಲ್ಲೂ ಅಂಥ ಹೊತ್ತಿನಲ್ಲಿ ದೇವರೇ ಬರುವುದು.

ಜನ ಪ್ರಸಾದಕ್ಕೆ ಕೂತಾಗ ನಾನು ಆಂಪ್ಲಿಫೈಯರಿನ ಹತ್ತಿರ ಹೋದೆ. ಎರಡೂ ವಾಯರು ಹೊಸೆದುಕೊಂಡೇ ಇದ್ದವು. ಎಳೆದು ನೋಡಿದೆ, ಗಟ್ಟಿಯಾಗಿದ್ದವು. ಏನಾದರೂ ಮುಟ್ಟಿದೆಯಾ ಎಂದು ಖಾಜಾಸಾಬನನ್ನು ಕೇಳಿದೆ. "ಇಲ್ರೀ ಅಣ್ಣಾ. ಮುಂಜಾನಿ ಹ್ಯಾಂಗ ಹಚ್ಚೀನೋ ಹಂಗ ಐತಿ," ಎಂದ. ಫೋನು ಇನ್ನೂ ಫ್ಲೈಟ್ ಮೋಡಿನಲ್ಲೇ ಇತ್ತು. ಹೊಸ ಫೈಲು ಬಂದಿರಲಿಲ್ಲ. ಹಾರ್ನಿನ ಬದಲು, ಪಕ್ಕದಲ್ಲಿದ್ದ ಸಣ್ಣ ಸ್ಪೀಕರ್ ಬಾಕ್ಸಿಗೆ ಅದೇ ವಾಯರಿನಿಂದ ಅದೇ ಫೈಲನ್ನು ಮೆಲ್ಲಗೆ ಹಚ್ಚಿದೆ. ಹಾರ್ಮೋನಿಯಂ, ತಬಲಾ. ಕಾಕಾ ಇಲ್ಲ. ಮತ್ತೆ ಹಚ್ಚಿದೆ. ಇಲ್ಲ. ಖಾಜಾಸಾಬನೂ ಬಗ್ಗಿ ಬಾಕ್ಸಿಗೆ ಕಿವಿಯಿಟ್ಟ. ತಡೆಯಲಾರದೆ ಬಾಕ್ಸು ತೆಗೆದು ಹಾರ್ನಿಗೇ ಕೊಟ್ಟೆವು. ಮಠದ ಮೇಲಿಂದ ಬರೀ ವಾದ್ಯ ಕೇಳಿಸಿತು. ಗಾಬರಿಯಾಗಿ ಆರಿಸಿದೆ.

ತಿರುಗಿದರೆ ಕಾಕಾ ಹಿಂದೆಯೇ ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ. ನನ್ನ ಚಪಲಕ್ಕೆ ನನ್ನನ್ನೇ ಬೈದುಕೊಂಡೆ. ಸುಮ್ಮನೆ ಮನೆಗೆ ಹೋಗಿದ್ದರೆ ಅವರ ಆ ಒಂದು ಗಳಿಗೆ ಅವರಿಗೇ ಉಳಿಯುತ್ತಿತ್ತು. ತಪ್ಪೆಲ್ಲ ಒಪ್ಪಿಕೊಂಡು, ಅವರನ್ನು ಸಮಾಧಾನ ಮಾಡಲು ನನ್ನ ಫೋನಿನಲ್ಲಿದ್ದ ಸರಿಯಾದ ಫೈಲನ್ನು ಬಾಕ್ಸಿನಲ್ಲಿ ಹಚ್ಚಿ, "ಕೇಳ್ರಿ ಕಾಕಾ, ನಿಮ್ಮ ದನಿ ಎಲ್ಲೂ ಹೋಗಿಲ್ಲ," ಎಂದೆ.

ಅವರ ದನಿ ಬಂತು. ಸೊರಗಿದ, ನಡುನಡುವೆ ಉಸಿರಿಗೆ ತಡವರಿಸುವ ದನಿ. ಮೂರನೇ ಚರಣದವರೆಗೂ ತಲೆ ಬಗ್ಗಿಸಿ ಕೇಳಿದರು. ಆಮೇಲೆ ಕೈ ಎತ್ತಿ ನಿಲ್ಲಿಸು ಎಂದು ಸನ್ನೆ ಮಾಡಿ, ಜೇಬಿನಿಂದ ನೋಟ್‌ಬುಕ್ ತೆಗೆದು ನಿಧಾನವಾಗಿ ಬರೆದರು.

"ಇದು ನಾ ಬ್ಯಾನಿ ಇದ್ದಾಗ ಹಾಡಿದ್ದು. ಮುಂಜಾನಿ ಕೇಳಿದ್ದು ಇದಲ್ಲ."

ಬರೆದವರು ಪೆನ್ಸಿಲನ್ನೂ ನೋಟ್‌ಬುಕ್ಕನ್ನೂ ನನ್ನ ಕೈಗಿಟ್ಟು ಉತ್ತರಕ್ಕೆ ಕಾಯುತ್ತ ನಿಂತರು. ನನಗೆ ಬಾಯಿ ಇದೆ ಎಂಬುದು ಅವರಿಗೂ ಮರೆತಿತ್ತು, ನನಗೂ ಮರೆತಿತ್ತು.