ಗುಲಾಬಿ ಕಾಗದದಲ್ಲಿ ಸುತ್ತಿದ ಬ್ಯಾಟನ್

ಬಾಗಿಲು ತೆರೆದರೆ ಎದುರಿಗೊಬ್ಬ ಹುಡುಗಿ ನಿಂತಿದ್ದಳು. ಮೈತುಂಬ ನೀಲಿ ಚಮಕಿ, ರೆಪ್ಪೆಗಳ ಮೇಲೆ ಬೆಳ್ಳಿ ಬಣ್ಣ, ಅಂಟು ಹಚ್ಚಿ ಬಿಗಿದಂಥ ಕೂದಲು. ಪಾಂಡವಪುರದಲ್ಲಿ ಅದು ನಮಗೆ ಮೊದಲ ಬೆಳಗು. ಹಾಲು ಎಲ್ಲಿ ಸಿಗುತ್ತದೆಂದೂ ಇನ್ನೂ ಗೊತ್ತಿರಲಿಲ್ಲ.

“ಆಶೀರ್ವಾದ ಮಾಡಿ ಅಜ್ಜಿ, ಕಾಂಪಿಟೇಸನ್‌ಗೆ ಓಗ್ತಾ ಇವ್ನಿ” ಎಂದು ಕಾಲಿಗೆರಗಿದಳು.

“ಯಾವ ನಾಟಕದಾಗ ಅದೀ ಅವ್ವಾ?” ಎಂದೆ.

“ನಾಟ್ಕ ಅಲ್ಲ, ಬ್ಯಾಟನ್ನು” ಎಂದು ಕೈಯಲ್ಲಿದ್ದ ಉಕ್ಕಿನ ಕೋಲನ್ನು ತೋರಿಸಿ ಮೆಟ್ಟಿಲಿಳಿದು ಓಡಿದಳು.

ನಾನು ವಿಜಯಪುರದ ಕಡೆಯ ಒಂದು ವಸತಿ ಶಾಲೆಯಲ್ಲಿ ದೈಹಿಕ ಶಿಕ್ಷಕಿಯಾಗಿ, ಹಾಸ್ಟೆಲಿನ ಮೇಲ್ವಿಚಾರಕಿಯಾಗಿ ದುಡಿದವಳು. ಗಂಟೆ ಹೊಡೆದರೆ ಏಳುವುದು, ಸಾಲಿನಲ್ಲಿ ನಿಲ್ಲುವುದು, ತಟ್ಟೆ ತಾನೇ ತೊಳೆಯುವುದು ನನ್ನ ರಕ್ತದಲ್ಲಿದೆ. ನರ್ಸ್ ಆಗಿರುವ ಮಗಳಿಗೆ ಇಲ್ಲಿನ ಆಸ್ಪತ್ರೆಗೆ ವರ್ಗವಾಯಿತು, ಅವಳ ಜೊತೆ ನಾನೂ ಬಂದೆ. ಅಕ್ಕಸಾಲಿ ಮಂಜಾಚಾರಿ ಎಂಬವರ ಮನೆಯ ಮಹಡಿ ಬಾಡಿಗೆಗೆ ಸಿಕ್ಕಿತು. ಕೆಳಗೆ ಅವರ ಅಂಗಡಿ, ಹಿಂದೆ ಅವರ ಸಂಸಾರ. ಚಮಕಿ ಹುಡುಗಿ ಅವರ ಮಗಳು ಚಂದನ.

ಊರನ್ನು ನಾನು ನಂಬಲಿಲ್ಲ. ಬೀದಿಯಲ್ಲಿ ಒಬ್ಬ “ಲೇ, ಬಾರ್ಲಾ ಇಲ್ಲಿ” ಎಂದು ಗದರಿದರೆ ಈಗ ಹೊಡೆದಾಟವೇ ಎಂದು ಕಿಟಕಿ ಮುಚ್ಚುತ್ತಿದ್ದೆ. ಸಂದಿಯಿಂದ ನೋಡಿದರೆ ಇಬ್ಬರೂ ಹೆಗಲ ಮೇಲೆ ಕೈಹಾಕಿಕೊಂಡು ಟೀ ಕುಡಿಯಲು ಹೋಗುತ್ತಿರುತ್ತಿದ್ದರು. ನಮ್ಮಲ್ಲಿ ಗುರುತಿಲ್ಲದವರಿಗೂ ಮಾತಿನ ಕೊನೆಗೊಂದು ‘ರೀ’ ಸೇರಿಸುತ್ತೇವೆ. ಇಲ್ಲಿ ಮರ್ಯಾದೆ ದನಿಯಲ್ಲಿ ಇರುತ್ತದಂತೆ, ಅದನ್ನು ಹಿಡಿಯಲು ನನಗೆ ತಿಂಗಳುಗಳೇ ಬೇಕಾದವು. ಊಟದ ಕಥೆ ಬೇರೆ. ಮೊದಲ ಸಲ ಮುದ್ದೆಯಿಟ್ಟ ಮಂಜಾಚಾರಿ “ಅಗೀಬ್ಯಾಡಿ ಟೀಚರಮ್ಮ, ನುಂಗ್ಬುಡಿ” ಎಂದರು. ಪ್ರತಿ ತುತ್ತನ್ನೂ ಅಗಿದು ತಿನ್ನಿ ಎಂದು ಮಕ್ಕಳಿಗೆ ಜನ್ಮವಿಡೀ ಹೇಳಿಕೊಂಡು ಬಂದವಳಿಗೆ ಆ ಮಾತೇ ಅನುಮಾನ ತಂದಿತು. ಜೋಳಕ್ಕಾಗಿ ಸಂತೆಬಾಚಹಳ್ಳಿಯವರೆಗೂ ಹೋಗಿಬಂದೆ. ಸಿಕ್ಕ ಹಿಟ್ಟು ಹಳತು, ರೊಟ್ಟಿ ಅಂಚಿನಲ್ಲಿ ಬಿರಿಯಿತು. ಆದರೂ ಅಂದು ಗೆದ್ದವಳಂತೆ ಉಂಡೆ. ಮಗಳು ರಾತ್ರಿ ಪಾಳಿಗೆ ಹೋದಾಗ ಮಾತ್ರ “ಊಟ ಆತೇನ್ರಿ” ಎಂದು ಕೇಳುವವರಿಲ್ಲದೆ ಮನೆ ಭಣಗುಡುತ್ತಿತ್ತು.

ಬೆಳಿಗ್ಗೆ ನಾನು ತಾರಸಿಯಲ್ಲಿ ವ್ಯಾಯಾಮ ಮಾಡುವ ಹೊತ್ತಿಗೆ ಚಂದನ ಕೋಲು ಹಿಡಿದು ಬರುತ್ತಿದ್ದಳು. ಬ್ಯಾಟನ್ ಎಂದರೆ ಮೊಳದುದ್ದಕ್ಕಿಂತ ತುಸು ಹೆಚ್ಚಿನ ಉಕ್ಕಿನ ಕೋಲು, ಎರಡು ತುದಿಗೂ ರಬ್ಬರಿನ ಗುಬಟು. ಹಾಡಿಗೆ ತಕ್ಕಂತೆ ಬೆರಳುಗಳ ಸಂದಿಯಲ್ಲಿ ತಿರುಗಿಸಬೇಕು, ಮೇಲಕ್ಕೆ ಎಸೆಯಬೇಕು, ಅದು ಇಳಿಯುವಷ್ಟರಲ್ಲಿ ತಾನೊಂದು ಸುತ್ತು ಸುತ್ತಿ ಹಿಡಿಯಬೇಕು. ಬಿದ್ದರೆ ಅಂಕ ಕಳೆಯುತ್ತಾರೆ. ಧ್ವಜವಂದನೆಯ ದಿನ ಬ್ಯಾಂಡಿನ ಮುಂದೆ ದಂಡ ಬೀಸುವವರನ್ನು ನಾನೇ ತಯಾರು ಮಾಡಿದ್ದೆ. ಅದರಲ್ಲಿ ಪದಕ ಕೊಡುತ್ತಾರೆಂದು ಮಾತ್ರ ಕೇಳಿರಲಿಲ್ಲ. ಈ ಮನೆಯ ಗೂಡಿನಲ್ಲಿ ಚಿನ್ನದ ಬಣ್ಣದ ಪದಕಗಳು ಜೋತಾಡುತ್ತಿದ್ದವು, ಬಹುಮಾನದ ಒಂದು ಕಪ್ಪಂತೂ ಚಂದನಳ ಸೊಂಟದವರೆಗೆ ಬರುತ್ತಿತ್ತು. ನಿಜವಾದ ಆಟವೇ ಆಗಿದ್ದರೆ ಅಷ್ಟು ದೊಡ್ಡ ಕಪ್ಪು ಯಾಕೆ ಬೇಕು?

ಆ ಪ್ರಶ್ನೆ ಮಂಜಾಚಾರಿಯವರಲ್ಲೂ ಇತ್ತು. ಒಂದು ಸಂಜೆ ಕುಲುಮೆಯ ಪಕ್ಕದಿಂದಲೇ ಕರೆದರು.

“ಟೀಚರಮ್ಮ, ನೀವು ಆಟ ಕಲ್ಸದೋರು. ಇದು ದಿಟವಾದ ಆಟನಾ, ಇಲ್ಲಾ ನಮ್ಮನ್ನ ಕುಣಿಸ್ತಾವ್ರಾ, ನೋಡಿ ಯೋಳಿ. ಸುಳ್ಳಾದ್ರೆ ಬುಡಿಸ್ಬುಡ್ತೀನಿ.”

ಹೊಸಿಲಲ್ಲಿ ನಿಂತಿದ್ದ ಚಂದನ ಕೋಲನ್ನು ಬೆನ್ನ ಹಿಂದೆ ಸರಿಸಿದಳು. ಅವಳ ಆಟ ಈಗ ನನ್ನ ಒಂದು ಮಾತಿನ ಮೇಲೆ ನಿಂತಿತ್ತು.

ನಾಗಮಂಗಲದ ಶಾಲೆಯೊಂದರ ಮೈದಾನದಲ್ಲಿ ಪಂದ್ಯ ನಡೆಯಿತು. ಚಂದನಳ ಜೊತೆ ಹೋದೆ. ವಯಸ್ಸಿಗೊಂದು ಗುಂಪು, ಒಂದು ಕೋಲಿಗೊಂದು, ಎರಡು ಕೋಲಿಗೊಂದು, ಕುಣಿತಕ್ಕೆ ಇನ್ನೊಂದು. ಗುಂಪುಗಳು ಎಷ್ಟೊಂದಿದ್ದವೆಂದರೆ ಮಕ್ಕಳೇ ಸಾಲದಾಗಿದ್ದರು. ಚಂದನಳ ಗುಂಪಿನಲ್ಲಿ ಚಂದನ ಒಬ್ಬಳೇ! ಆಡಿದಳು, ಚಿನ್ನ ಗೆದ್ದಳು.

ಚಂದನಳಿಗೆ ಕಲಿಸುವ, ಪಂದ್ಯವನ್ನೂ ನಡೆಸುವ ತರಬೇತುದಾರನ ಎದುರಿಗೆ ಹೋಗಿ ನಿಂತೆ. “ಒಬ್ಬಾಕಿನ್ನ ಓಡಿಸಿ ಮೊದಲ ಬಂದ್ಲು ಅಂತೀರೇನ್ರಿ?”

ಅವನು ನಾಚಲಿಲ್ಲ. “ಆಟ ಒಸ್ದು ಟೀಚರಮ್ಮ, ಬರೋರು ಕಮ್ಮಿ. ಪದಕ ಇಲ್ಲ ಅಂದ್ರೆ ಇರೋರ್ನೂ ಅಪ್ಪಂದೀರು ಕಳ್ಸಲ್ಲ.”

“ದೊಡ್ಡ ಹುಡುಗ್ಯಾರ ಗುಂಪಿನಾಗ ಹಾಕ್ರಿ. ಅಲ್ಲಿ ನೋಡೂಣು.”

ಹಿಂದಿರುಗಿ ಬಂದು ಕಂಡದ್ದನ್ನು ಕಂಡಂತೆ ಹೇಳಿದೆ. ಪದಕ ಟೊಳ್ಳು, ಹುಡುಗಿಯ ಕೈ ಟೊಳ್ಳಲ್ಲ ಎಂದೆ. ಮಂಜಾಚಾರಿ ತಲೆ ತಗ್ಗಿಸಿ ಕೇಳಿ, “ಸರಿ, ಕೆ.ಆರ್. ಪೇಟೆಲಿ ದೊಡ್ಡೋರ್ ಜೊತೆ ಆಡ್ಲಿ. ಅಲ್ಲೂ ಕೈ ನಿಂತ್ರೆ ಮುಂದ್ಕೆ. ಇಲ್ದಿದ್ರೆ ಅಲ್ಲಿಗೇ ಮುಗೀತು” ಎಂದರು.

ಕೆ.ಆರ್. ಪೇಟೆಗೆ ಬಸ್ಸಿನಲ್ಲಿ ಹೋದೆವು. ಕಪ್ಪಾದ ಬಟ್ಟೆಪಟ್ಟಿ ಸುತ್ತಿದ, ಅಲ್ಲಲ್ಲಿ ಮಂಕಾದ ಅವಳ ಕೋಲು ನನಗೆ ದಿನವೂ ನೋಡಿ ಪರಿಚಯ. ಆದರೆ ಮೈದಾನದಲ್ಲಿ ಅವಳ ಕೈಯಲ್ಲಿದ್ದ ಕೋಲು ದೂರದಿಂದಲೇ ಕಣ್ಣು ಕುಕ್ಕುವಂತೆ ಹೊಳೆಯುತ್ತಿತ್ತು. ಪಟ್ಟಿಯೂ ಇರಲಿಲ್ಲ. ಮೊದಲ ಎಸೆತಕ್ಕೇ ಅದು ಬೆರಳಿಂದ ಜಾರಿ ಬಿತ್ತು. ಎತ್ತಿಕೊಂಡಳು, ಮತ್ತೆ ಜಾರಿತು. ಬಿಟ್ಟು ಬರಲಿಲ್ಲ, ಕೊನೆಯ ಹೆಜ್ಜೆಯವರೆಗೂ ಆಡಿ ನಮಸ್ಕರಿಸಿದಳು. ನನಗೆ ಮಾತ್ರ ಖಚಿತವಾಗಿತ್ತು: ಇದು ಅವಳ ಕೋಲಲ್ಲ. ಬೇರೆ ಯಾರನ್ನೋ ಗೆಲ್ಲಿಸಲು ತರಬೇತುದಾರ ಬದಲಾಯಿಸಿದ್ದಾನೆ.

“ಕೋಲು ಯಾಕ ಬದಲ ಮಾಡಿದ್ರಿ?” ಎಂದು ಅವನನ್ನೇ ಕೇಳಿದೆ.

“ನಾನ್ಯಾಕ್ ಬದ್ಲಾಯಿಸ್ಲಿ? ಅವ್ಳೇ ತಂದಿದ್ದು. ಜಾರ್ತದೆ, ಬ್ಯಾರೆದು ಕೊಡ್ತೀನಿ ಅಂದ್ರೂ ಬ್ಯಾಡ ಅಂದ್ಲು. ಅವಳನ್ನೇ ಕೇಳಿ.”

ಚಂದನ ಚೀಲದಿಂದ ಗುಲಾಬಿ ಬಣ್ಣದ ತೆಳು ಕಾಗದ ತೆಗೆದಳು. ಒಡವೆ ಸುತ್ತಿಕೊಡುತ್ತಾರಲ್ಲ, ಆ ಕಾಗದ. ತಂದೆ ಹಿಂದಿನ ದಿನ ಕೋಲನ್ನು ಅಂಟುವಾಳದ ನೀರಿನಲ್ಲಿ ತೊಳೆದು, ಪಟ್ಟಿ ಕಿತ್ತು, ಮೆರುಗಿನ ಮೇಣ ತಿಕ್ಕಿ, ಅದರಲ್ಲಿ ಸುತ್ತಿಕೊಟ್ಟಿದ್ದರು. ಮೆರುಗು ಕೊಡದ ಸಾಮಾನು ಆ ಅಂಗಡಿಯ ಹೊಸಿಲು ದಾಟುವುದಿಲ್ಲ. ಸುತ್ತಿದ್ದನ್ನು ತಲುಪಬೇಕಾದ ಜಾಗದಲ್ಲೇ ಬಿಚ್ಚಬೇಕು, ಅದೂ ಆ ಮನೆಯ ಪದ್ಧತಿ; ಹಾಗಾಗಿ ಅವಳು ಮೈದಾನಕ್ಕೆ ಬಂದ ಮೇಲೇ ಬಿಚ್ಚಿದ್ದಳು. ಮುಟ್ಟಿ ನೋಡಿದೆ. ಬೆವರಿನ ಕೈಗೆ ಅದು ಮೀನಿನಂತಿತ್ತು.

“ಅಪ್ಪಂಗೆ ಯೋಳ್ಬ್ಯಾಡಿ ಅಜ್ಜಿ” ಎಂದಳು ಚಂದನ. “ನನ್ ಕೈಯೇ ನಡುಗ್ತು ಅನ್ನಿ.”

“ಹಂಗಂದ್ರ ನಿನ್ನ ಆಟ ಬಿಡಸ್ತಾರ.”

“ಬುಡಿಸ್ಲಿ. ಅಪ್ಪ ಅಷ್ಟೊತ್ತು ಕುಂತ್ಕಂಡು ಉಜ್ಜವ್ರೆ.”

ದಾರಿಯುದ್ದಕ್ಕೂ ನನಗೆ ನೆಮ್ಮದಿಯಿರಲಿಲ್ಲ. ಸುಳ್ಳು ಹೇಳಿದರೆ ಆಟ ಹೋಗುತ್ತದೆ, ನಿಜ ಹೇಳಿದರೆ ತಂದೆಯ ಮುಖ ಬಾಡುತ್ತದೆ. ನೋಡಿ ಹೇಳು ಎಂದು ಕಳಿಸಿದ್ದು ಅವರೇ. ಅಂಗಡಿಗೆ ಹೋಗಿ ಹೇಳಿದೆ.

ಮಂಜಾಚಾರಿ ಚಿಮಟ ಕೆಳಗಿಟ್ಟು ಕೋಲನ್ನು ಬೆರಳಿನಿಂದ ಸವರಿ ನೋಡಿದರು. “ನಾಕ್ ಜನದ ಮುಂದೆ ಓಗೋ ಸಾಮಾನು, ಕೊಳೆ ಇಟ್ಕಂಡು ಓಯ್ತದಾ ಅನ್ಕಂಡೆ” ಎಂದರು. ಆಮೇಲೆ ಮಗಳನ್ನು ಕರೆದು, ಉಪ್ಪುಕಾಗದ ಕೈಗೆತ್ತಿಕೊಂಡು ತಾವೇ ಕೊಟ್ಟ ಮೆರುಗನ್ನು ತಾವೇ ಉಜ್ಜಿ ತೆಗೆದರು. “ಪಟ್ಟಿ ಎಂಗ್ ಸುತ್ತಬೇಕು, ನೀನೇ ಸುತ್ತವ್ವ. ನಾನ್ ಇಡ್ಕತೀನಿ.”

ರಾಜ್ಯಮಟ್ಟಕ್ಕೆ ಅವಳು ಆಯ್ಕೆಯಾಗಿದ್ದಾಳೆ. ಕೆ.ಆರ್. ಪೇಟೆಯಲ್ಲಿ ಕೋಲು ಬೀಳಿಸಿದವರು, ಬೀಳಿಸದವರು ಎಲ್ಲರೂ ಆಯ್ಕೆಯಾಗಿದ್ದಾರೆ. ಆದ್ದರಿಂದ ನನ್ನ ಅನುಮಾನ ಇನ್ನೂ ಹೋಗಿಲ್ಲ. ಮಂಜಾಚಾರಿಯವರಿಗೂ ಹೋಗಿಲ್ಲ. “ನೀವೇ ಕರ್ಕಂಡೋಗಿ ಟೀಚರಮ್ಮ. ಅಲ್ಲಿ ಮೋಸ ಇದ್ರೆ ನನಗೆ ಗೊತ್ತಾಗಾಕಿಲ್ಲ” ಎಂದರು. ಒಪ್ಪಿಕೊಂಡ ಮೇಲೆ ನೋಡುತ್ತೇನೆ, ಪಂದ್ಯ ಎಳ್ಳ ಅಮಾವಾಸ್ಯೆಯ ದಿನವೇ ಬಿದ್ದಿದೆ. ಊರಲ್ಲಿ ನಮ್ಮ ಹೊಲದ ತುಂಬ ಅಡುಗೆ ಎರಚಿ ಭೂತಾಯಿಗೆ ಉಣಿಸುವ, ಚರಗ ಚೆಲ್ಲುವ ದಿನ. ಆ ದಿನ ನಾನು ಹೊಲದಲ್ಲಿಲ್ಲದ ವರ್ಷ ಈವರೆಗೆ ಬಂದಿಲ್ಲ. ಇಲ್ಲಿಯವರಿಗೆ ಚರಗವೆಂದರೆ ಏನೆಂದು ಹೇಳಿದರೂ ಆ ಸಜ್ಜೆ ಕಡುಬಿನ ರುಚಿ ಹೇಳಲಾಗದು. ಅಲ್ಲಿಯವರಿಗೆ ಬ್ಯಾಟನ್ ಎಂದರೆ ನಗು.

ಊರಿನಲ್ಲಿರುವ ನನ್ನ ತಮ್ಮ ಫೋನಿನಲ್ಲಿ ಸಿಟ್ಟಾದ. “ಚರಗ ಬಿಟ್ಟು ಕೋಲು ತಿರುವೂದು ನೋಡಾಕ ಹೊಂಟೀಯಲ್ಲ ಅಕ್ಕಾ. ಆ ಹುಡುಗಿ ನಿನಗ ಏನಾಗಬೇಕು?”

“ಏನೂ ಆಗಬೇಕಾಗಿಲ್ಲ” ಎಂದೆ. ಅಷ್ಟರಲ್ಲಿ ತಾರಸಿಯ ಮೇಲೆ ಕೋಲು ಬಿದ್ದ ಸದ್ದು. ತಮ್ಮ ಇನ್ನೂ ಏನೋ ಹೇಳುತ್ತಿದ್ದ. ನಾನು ಫೋನನ್ನು ಕಿವಿಯಿಂದ ತುಸು ದೂರ ಹಿಡಿದು, ಅವಳು ಮತ್ತೆ ಎತ್ತಿಕೊಂಡಳೇ ಎಂದು ಆಲಿಸಿದೆ.