ಎರಡಲಗಿನ ಬಾಣದ ಮೊನೆ

ಸಂತೋಷದ ಸುದ್ದಿಯನ್ನು ಮೊದಲೇ ಹೇಳಿಬಿಡುತ್ತೇನೆ, ಹೊಟ್ಟೆಯಲ್ಲಿ ಹಿಡಿಸುತ್ತಿಲ್ಲ. ನನ್ನ ಮೊಮ್ಮಗಳು ಬಿಲ್ಲು ಹಿಡಿದು ಜಿಂಕೆ ಹೊಡೆದಳು. ಒಂದೇ ಬಾಣ. ಜಿಂಕೆ ಹತ್ತಿರದ ಪೊದೆಯ ತನಕವೂ ಓಡಲಿಲ್ಲವಂತೆ. ಆ ಬಾಣದ ಮೊನೆ ಮಸೆದವಳು ನಾನು. ಓಣಿಯಲ್ಲಿ ಸಿಕ್ಕವರಿಗೆಲ್ಲ ಹೇಳಿದೆ, ಕೇಳದವರಿಗೂ ಹೇಳಿದೆ. ಸಂಕಟವಾದದ್ದು ಆಮೇಲೆ.

ಹೋದ ಬೇಸಿಗೆಯಲ್ಲಿ ನ್ಯೂಜೆರ್ಸಿಯ ವೆಸ್ಟ್ ವಿಂಡ್ಸರ್‌ನಲ್ಲಿರುವ ಮಗಳ ಮನೆಗೆ ಹೋಗಿದ್ದೆ. ನನಗೆ ಇಂಗ್ಲಿಷ್ ಬಾರದು, ಶಾಲೆಯ ಮುಖ ಕಂಡವಳೇ ಅಲ್ಲ. ಕಾಲೇಜು ಮುಗಿಸಿದ ಮೊಮ್ಮಗಳಿಗೆ ಕನ್ನಡ ಅರ್ಧಂಬರ್ಧ. ಊಟ ಆಯಿತೇ ಎಂದು ಕೇಳಿದ ಮೇಲೆ ಇಬ್ಬರಿಗೂ ಮಾತು ತೀರಿಹೋಗುತ್ತಿತ್ತು. ಅಲ್ಲಿ ಲೈಸೆನ್ಸ್ ಇದ್ದವರು ಜಿಂಕೆ ಬೇಟೆಯಾಡಬಹುದಂತೆ, ಅವಳಿಗೆ ಅದರ ಹುಚ್ಚು. ಒಂದು ದಿನ ಗರಾಜಿನಲ್ಲಿ ಅವಳು ಬಾಣದ ಮೊನೆಯನ್ನು ಕಲ್ಲಿಗೆ ಉಜ್ಜುತ್ತಿದ್ದಳು. ಸದ್ದು ಕೇಳಿಯೇ ಒಳಗಿನಿಂದ ಎದ್ದು ಬಂದೆ. ಸುಗ್ಗಿಯಲ್ಲಿ ಅರ್ಧ ಊರಿನ ಕುಡಗೋಲು ಮಸೆದವಳು ನಾನು. ಕಲ್ಲು ಇಸಿದುಕೊಂಡು ಅಲಗನ್ನು ಓರೆ ಹಿಡಿದು ಎಳೆದೆ. ಅವಳು ಅದರಿಂದ ಮುಂಗೈಯ ಮೇಲಿನ ಕೂದಲು ಬೋಳಿಸಿ ನೋಡಿ, ನನ್ನನ್ನು ಅಪ್ಪಿಕೊಂಡಳು.

ಮರುದಿನವೇ ಹೊಸ ಮೊನೆ ಆರಿಸಲು ಅಂಗಡಿಗೆ ಕರೆದುಕೊಂಡು ಹೋದಳು. ಹಾರುವಾಗ ಮಡಚಿಕೊಂಡಿದ್ದು, ತಾಗಿದಾಗ ತೆರೆದುಕೊಳ್ಳುವ ಜಾತಿ ಒಂದಿತ್ತು. ಅದನ್ನು ಪಕ್ಕಕ್ಕೆ ಸರಿಸಿದೆ.

"ಇದು ಬ್ಯಾಡ. ತೆರೀಲಿಲ್ಲಂದ್ರ ಆ ಜೀವ ನರಳತೈತಿ."

ಅವಳು ಮೂರಲಗಿನ ಗಟ್ಟಿ ಮೊನೆಯೊಂದನ್ನು ಎತ್ತಿಕೊಂಡಳು. "ಅಜ್ಜಿ, ಇದನ್ನ ಮಸೆಯೋದು ಈಸಿ. ಒಂದೇ ಸಲ ಎರಡು ಅಲಗು ಕಲ್ಲಿನ ಮೇಲೆ ಫ್ಲ್ಯಾಟ್ ಇಟ್ಟರೆ ಆಂಗಲ್ ತಾನೇ ಬರುತ್ತಂತೆ."

"ತಾನೇ ಬರೂದಾದ್ರ ನಾ ಯಾಕ ಬೇಕು?"

ಅವಳು ನಕ್ಕು, ನಾನು ತೋರಿಸಿದ ಎರಡಲಗಿನದನ್ನೇ ಕೊಂಡಳು. ಅದಕ್ಕೆ ಓರೆಯನ್ನು ಕೈಯೇ ಕಾಯಬೇಕು.

ಆಮೇಲೆ ಸಂಜೆಯಾದರೆ ಗರಾಜೇ ನಮ್ಮ ಮನೆ. ನಾನು ಮಸೆಯುತ್ತಿದ್ದೆ, ಕೊನೆಗೆ ಅಳಿಯನ ಹಳೆಯ ಚರ್ಮದ ಬೆಲ್ಟಿಗೆ ಸವರುತ್ತಿದ್ದೆ. ಅವಳು ಎದುರಿಗೆ ಕೂತು ಅರ್ಧ ಕನ್ನಡದಲ್ಲಿ ತನ್ನ ಕಾಡಿನ ಸಂಗತಿಗಳನ್ನೆಲ್ಲ ಹೇಳುತ್ತಿದ್ದಳು. ಅಷ್ಟು ಸುಖ ನನಗೆ ಎಂದೂ ಸಿಕ್ಕಿರಲಿಲ್ಲ.

"ಅಜ್ಜಿ, ಟೀಚ್ ಮಿ. ನಾನು ಮಾಡ್ತೀನಿ," ಎನ್ನುತ್ತಿದ್ದಳು.

"ಬೆರಳು ಕೊಯ್ಕೊಂತಿ. ನೀ ನೋಡು, ಸಾಕು."

ಗರಾಜಿನಲ್ಲಿದ್ದ ಮಷೀನಿಗೆ ಬಟ್ಟೆ ಹಾಕಲು ಬಂದ ಮಗಳು ಮಾತಿನಲ್ಲೇ ಚುಚ್ಚಿದಳು. "ಅವ್ವಾ, ಹೋಮ್‌ವರ್ಕ್ ಎಲ್ಲಾ ನೀನಽ ಮಾಡಿದ್ರ ಅಕಿ ಪಾಸಾಗೂದು ಹೆಂಗ?"

"ನಾ ಶಾಲೀಗೆ ಹೋಗ್ಲಿಲ್ಲಲ್ಲ, ಈಗ ಮಾಡ್ತೀನಿ ಬಿಡ."

ಮೂವರೂ ನಕ್ಕೆವು. ಹೊರಡುವ ಮುನ್ನ ಇದ್ದಬದ್ದ ಮೊನೆಗಳನ್ನೆಲ್ಲ ಮಸೆದು ಡಬ್ಬಿಯಲ್ಲಿಟ್ಟು ವಿಮಾನ ಹತ್ತಿದೆ. ಹಪ್ಪಳ ಮಾಡಿ ತುಂಬಿಟ್ಟು ಬಂದಷ್ಟು ಸಮಾಧಾನ. ಹಪ್ಪಳ ತೀರುತ್ತದೆ, ಅಲಗು ಸವೆಯುತ್ತದೆ ಎಂಬುದು ಆಗ ತಲೆಗೆ ಹೋಗಲಿಲ್ಲ.

ಜಿಂಕೆಯ ಸುದ್ದಿ ಹೇಳಿದವಳು ಬೇಟೆಯ ಸೀಸನ್ ಇನ್ನೂ ಉಳಿದಿರುವಾಗ ಮತ್ತೆ ವಿಡಿಯೋ ಕಾಲ್ ಮಾಡಿದಳು. ಎಲುಬಿಗೆ ತಾಗಿ, ಗುರಿ ತಪ್ಪಿ ಮಣ್ಣಿಗೆ ಹೊಕ್ಕು, ಮೊನೆಗಳೆಲ್ಲ ಮೊಂಡಾಗಿದ್ದವು.

"ಕೈ ಹೇಗೆ ಹಿಡೀಲಿ ಅಜ್ಜಿ?"

"ಹಿಂದಿನ ಕಡೆ ಸ್ವಲ್ಪ ಎತ್ತು."

"ಎಷ್ಟು?"

"ಸ್ವಲ್ಪ ಅಂದ್ರ... ಸ್ವಲ್ಪ."

ಎಳೆದಳು. ಅಂಚು ಗುಂಡಗಾಯಿತು. ಮತ್ತೆ ಎಳೆದಳು. ಅಲ್ಲಿ ಅವಳ ಕೈ, ಇಲ್ಲಿ ನನ್ನ ಕೈ. ಒಂದು ಸಂಜೆಯಾದರೂ ಅವಳ ಬೆರಳಿನ ಮೇಲೆ ನನ್ನ ಬೆರಳಿಟ್ಟು ಎಳೆಸಿದ್ದರೆ ಸಾಕಾಗುತ್ತಿತ್ತು. ಕಲಿತುಬಿಟ್ಟರೆ ಎದುರಿಗೆ ಕೂರುವುದಿಲ್ಲವೇನೋ ಎಂಬ ಅಂಜಿಕೆ ಆಗ ನನ್ನನ್ನು ಬಿಡಲಿಲ್ಲ.

"ಶಾರ್ಪ್ ಆಗದೆ ನಾನು ಹೋಗಲ್ಲ. ಜಿಂಕೆಗೆ ನೋವಾಗುತ್ತೆ," ಎಂದಳು. ಎಂಥ ಹುಡುಗಿ ನೋಡಿ.

"ಆ ಮೂರಲಗಿನ ಮೊನಿನಽ ತಗೋ ಮಗಳಽ," ಎಂದೆ.

"ಓಕೆ ಅಜ್ಜಿ."

ತಡಮಾಡದೆ ಒಪ್ಪಿದಳು. ಆಗಲೇ ತಂದಿಟ್ಟುಕೊಂಡು, ನನ್ನ ಮಾತಿಗೆ ಕಾದಿದ್ದಳೋ ಏನೋ. ನಾನು ಕೇಳಲಿಲ್ಲ.