ಅರಿವೆಗೆ ಕಚ್ಚಿಕೊಂಡ ಹುಳ

ಆಗಿನ್ನೂ ದಿಗ್ಗೇವಾಡಿಯ ನಮ್ಮ ಓಣಿಗೆ ನಳ ಬಂದಿರಲಿಲ್ಲ. ಕುಡಿಯುವ ನೀರು ಊರಂಚಿನ ಹಳ್ಳದಿಂದಲೇ ಬರಬೇಕು. ನಾವು ಜೈನರು. ತಂದ ನೀರನ್ನು ಎರಡು ಪದರಿನ ಅರಿವೆಯಲ್ಲಿ ಸೋಸಿ, ಅರಿವೆಗೆ ಹತ್ತಿದ ಹುಳಗಳನ್ನು ಮತ್ತೆ ಅದೇ ಹಳ್ಳಕ್ಕೆ ಬಿಟ್ಟು ಬಂದ ಮೇಲೆಯೇ ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಬಾಯಿಗೆ ಹನಿ ನೀರು ಹಾಕುತ್ತಿದ್ದಳು.

ಆ ವರ್ಷದ ದಸರೆ ರಜೆಯ ಹೊತ್ತಿಗೆ ಆಯಿಯ ಕಣ್ಣಿಗೆ ಪೊರೆ ಬಂದಿತ್ತು. ಮಿರಜಿಗೆ ಹೋಗಿ ಆಪರೇಷನ್ ಮಾಡಿಸೋಣವೆಂದು ಅಪ್ಪ ಗೋಗರೆದರೂ, "ಕಣ್ಣಾಗ ಚಾಕು ಹಾಕಸ್ಕೊಳಾಕ ನಾ ಒಲ್ಲೆ" ಎಂದು ಹಟ ಹಿಡಿದಿದ್ದಳು. ಹೀಗಾಗಿ ಹಳ್ಳಕ್ಕೆ ನನ್ನನ್ನು ಕರೆದೊಯ್ಯುವಳು. ಉಡಿಯಲ್ಲಿ ಹುರಿದ ಶೇಂಗಾ, ಸುತ್ತ ಹಸಿ ಜೊಂಡಿನ ವಾಸನೆ. ಆಕೆ ಅರಿವೆ ಹರವಿದರೆ ನಾನು ಕಂಡದ್ದನ್ನು ಹೇಳಬೇಕು.

"ಕರ್ರಗ, ಗುಂಡಗ ಐತಿ ಆಯಿ."

"ನೀರಾಗ ಬಿಟ್ಟ ನೋಡು. ಗರಗರ ತಿರಗತೈತೇನು?"

"ಹೂಂ."

"ಹಂಗಾರ ಗಿರಕಿ ಹುಳ ಅದು."

ಉದ್ದ ಕಾಲೂರಿ ನೀರಿನ ಮೇಲೆ ಓಡುವುದು, ಕಡ್ಡಿಯಂತೆ ಬಿದ್ದಿದ್ದು ಮುಟ್ಟಿದೊಡನೆ ನಡೆಯುವುದು, ಎಲ್ಲದರ ಚಹರೆಯನ್ನು ನಾನು ಹೇಳಿದರೆ ಆಯಿ ಗುರುತು ಹಿಡಿಯುವಳು. ಆಕೆಗೂ ತಿಳಿಯದಿದ್ದರೆ ಇಬ್ಬರೂ ಕೂಡಿ ಹೆಸರಿಡುತ್ತಿದ್ದೆವು. ಅಂಗಾತ ಈಜುವ ಹುಳಕ್ಕೆ, ಉಂಡೊಡನೆ ಅಂಗಾತ ಬೀಳುವ ನಮ್ಮ ಬಾಬುಕಾಕಾನ ಹೆಸರೇ ಬಿತ್ತು.

ಒಂದು ಸಂಜೆ ಆಯಿ ಅರಿವೆಯನ್ನು ದಂಡೆಯ ಕಲ್ಲಿನ ಮೇಲೆ ಮರೆತು ಬಂದಳು. ಬೆಳಿಗ್ಗೆ ಹೋಗಿ ನೋಡಿದರೆ ಅದರ ಅಂಚಿಗೆ ಕಂದು ಬಣ್ಣದ ಹುಳವೊಂದು ಕಚ್ಚಿಕೊಂಡಿತ್ತು. ಅಲುಗಾಡಲೊಲ್ಲದು.

"ಆಯಿ, ಇದು ಸತ್ತೈತಿ. ಬೆನ್ನ ಒಡದೈತಿ."

ಆಯಿ ಅಲ್ಲೇ ಕುಸಿದು ಕುಳಿತಳು. "ನಾ ಅರಿವಿ ಮರತೆ. ನೀರಿಲ್ಲದ ಒಣಗಿ ಜೀವ ಬಿಟ್ಟೈತಿ, ಪದ್ದಿ. ಇವತ್ತ ನಂಗ ಕೂಳೂ ಬ್ಯಾಡ, ನೀರೂ ಬ್ಯಾಡ."

ಮನೆಗೆ ನಡಿ ಎಂದು ಸೆರಗು ಜಗ್ಗಿದರೂ ಏಳಲಿಲ್ಲ. ನನಗೆ ಅಳು ಬಂತು. ಅಷ್ಟರಲ್ಲಿ ಹುಳದ ಬೆನ್ನಿನ ಸೀಳು ಉಬ್ಬಿತು.

"ಆಯಿ! ಒಳಗಿಂದ ಏನೋ ಹೊರಗ ಬರಾಕತ್ತೈತಿ!"

"ಏನ್ ಬೇ ಅದು? ಎಲ್ಲಾ ಹೇಳು, ಏನೂ ಬಿಡಬ್ಯಾಡ."

"ದೊಡ್ಡ ಕಣ್ಣ ಅದಾವ... ಕಾಲ ಬಂದ್ವು... ಬೆನ್ನ ಮ್ಯಾಲ ಮುದ್ದಿ ಆಗಿದ್ದು ಬಿಚ್ಚಾಕತ್ತೈತಿ... ಆಯಿ, ರೆಕ್ಕಿ! ಏರೋಪ್ಲೇನ್ ಚಿಟ್ಟಿ ಇದು!"

ಹುಟ್ಟಿದಾಗಿನಿಂದ ಆ ಚಿಟ್ಟೆಗಳನ್ನು ಕಂಡಿದ್ದರೂ, ಅವು ನೀರಿನ ಹುಳದೊಳಗಿಂದ ಬರುತ್ತವೆಂದು ಆಯಿಗೂ ಗೊತ್ತಿರಲಿಲ್ಲ. ರೆಕ್ಕೆ ಒಣಗುವವರೆಗೆ ನನ್ನ ಕೈ ಹಿಡಿದು ಕುಳಿತಳು. ಚಿಟ್ಟೆ ಜೊಂಡಿನ ಮೇಲೆ ಹಾರಿಹೋಯಿತು. ಆಯಿ ಮುಖವೆತ್ತಿ ಬೇರೆಯೇ ದಿಕ್ಕಿನಲ್ಲಿ ಅದನ್ನು ಹುಡುಕಿದಳು.

ಆಮೇಲೆ ಮೆಲ್ಲಗೆ ಅಂದಳು: "ನಿಮ್ಮಪ್ಪಗ ಹೇಳು. ಮಿರಜಿಗೆ ಬರ್ತೀನಿ."

ದೀಪಾವಳಿ ಕಳೆದ ಮೇಲೆ ದಪ್ಪ ಕನ್ನಡಕ ಹಾಕಿಕೊಂಡ ಆಯಿ, ಬಗ್ಗಿ ತಾನೇ ಹುಳ ನೋಡಿ ನಕ್ಕಳು. ಖುಷಿಯಾಯಿತು. ನನ್ನ ಕೆಲಸ ಹೋಯಿತಲ್ಲ ಎಂದು ಒಂಚೂರು ಬೇಸರವೂ ಆಯಿತು.

ಆಯಿ ಹೋಗಿ ಬಹಳ ವರ್ಷಗಳಾದವು. ಹಳ್ಳದ ದಂಡೆಯನ್ನು ಈಗ ಜಾಲಿಕಂಟಿ ಮುಚ್ಚಿಕೊಂಡಿದೆ, ಯಾರೂ ಇಳಿಯುವುದಿಲ್ಲ. ಆ ಹುಳಗಳಿಗೆ ಪುಸ್ತಕದಲ್ಲಿ ಏನೆನ್ನುತ್ತಾರೆಂದು ಮುಂದೆ ಓದಿ ತಿಳಿದೆ. ಆದರೆ ನಾವಿಬ್ಬರೂ ಇಟ್ಟ ಹೆಸರಿನಿಂದ ಅವನ್ನು ಕರೆದರೆ, ಯಾವುದೆಂದು ತಿಳಿಯುವವರು ಈಗ ಯಾರೂ ಉಳಿದಿಲ್ಲ.